ಯುದ್ಧವಿಮಾನದಲ್ಲಿ ಸ್ವದೇಶಿಯೆಂದರೇನು?

ಮಂಗಳೂರಿನ ಬಳಿ ಬಜಪೆಯ ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ ವಿಮಾನನಿಲ್ದಾಣವು ೧೯೫೧ನೆಯ ಇಸವಿ ಡಿಸೆಂಬರ್ ೨೫ರಂದು ತೆರೆಯಿತು. ಅಂದು ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಅವರನ್ನು ಹೊತ್ತು ಅಲ್ಲಿ ಇಳಿದುದು ಅಮೆರಿಕದ ಡಗ್ಲಸ್ ಕಂಪೆನಿಯ ಡಿ.ಸಿ. ೩ ವಿಮಾನ. ಅದೇ ವರ್ಷ ಬೆಂಗಳೂರಿನಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರಚಿತವಾದ ಎಚ್.ಟಿ. ೨ ಎಂಬ ತರಬೇತಿಯ ವಿಮಾನವು ಮೊದಲ ಬಾರಿಗೆ ಗಗನವನ್ನೇರಿತು. ಒಂದು ಹೊರದೇಶದಿಂದ ಕೊಂಡುತಂದ ಜಾತಿ, ಇನ್ನೊಂದು ಇಲ್ಲಿಯೇ ಕಲ್ಪಿಸಿ ಇಲ್ಲಿಯೇ ಕಟ್ಟಿದುದು. ಈ ಭೇದವು ಮೇಲುನೋಟಕ್ಕೆ ಬಹಳ ಸ್ಪಷ್ಟವಾದುದು. ಆದರೆ ಎಚ್.ಟಿ. ೨ರ ಮೂಗಿನಲ್ಲಿದ್ದ ಎಂಜಿನು ಇಂಗ್ಲೆಂಡಿನದು. ಆಗ ಅದು ಚಿಕ್ಕ ವಿಷಯವೆಂದು ತೋರಿದ್ದರೆ ಆಶ್ಚರ್ಯವಿಲ್ಲ. ಮುಂದೆ ಭಾರತದ ಯುದ್ಧವಿಮಾನಗಳ ಇತಿಹಾಸವೆಲ್ಲ ಆ ಚಿಕ್ಕ ವಿಷಯದ ಸುತ್ತಲೇ ಸುತ್ತಿರುವುದು.

ಈ ಇತಿಹಾಸವನ್ನು ಕುರಿತು ನಡೆಯುವ ಚರ್ಚೆ ಬಹುಮಟ್ಟಿಗೆ ಎರಡು ಬಗೆಯದು. ಸ್ತುತಿಸುವವರು ವಿಮಾನದ ಭಾಗಗಳನ್ನು ಎಣಿಸಿ, ನೂರಕ್ಕೆ ಇಷ್ಟು ದೇಶೀಯವೆಂದು ಲೆಕ್ಕ ಕೊಡುವರು. ನಿಂದಿಸುವವರು ಕಳೆದ ವರ್ಷಗಳನ್ನು ಎಣಿಸಿ, ಇಷ್ಟು ಕಾಲ ವ್ಯರ್ಥವಾಯಿತೆಂದು ಲೆಕ್ಕ ಕೊಡುವರು. ಎರಡೂ ಲೆಕ್ಕಗಳು ನಿಜವಾಗಿರಬಹುದು; ಆದರೂ ಅವುಗಳಿಂದ ವಸ್ತುವಿನ ಗುಣದೋಷಗಳು ತಿಳಿಯುವುದಿಲ್ಲ. ವಿಮರ್ಶೆಗೆ ಮೊದಲು ಬೇಕಾದುದು ಅಳತೆಗೋಲು. ಯುದ್ಧವಿಮಾನದ ವಿಷಯದಲ್ಲಿ ಅಳತೆಗೋಲು ತಪ್ಪಿದರೆ ಅದರ ಫಲವನ್ನು ಉಣ್ಣುವವನು ಅದರೊಳಗೆ ಕುಳಿತು ಹಾರುವವನು. ೧೯೬೫ರ ಸೆಪ್ಟೆಂಬರ್ ೭ರಂದು ಕೊಡಗಿನ ಅಜ್ಜಮಾಡ ದೇವಯ್ಯನವರು ಫ್ರಾನ್ಸಿನ ಮಿಸ್ತೇರ್ ವಿಮಾನದಲ್ಲಿ ಕುಳಿತು, ಶಬ್ದಕ್ಕೆ ಇಮ್ಮಡಿ ವೇಗದ ಸ್ಟಾರ್‌ಫೈಟರನ್ನು ಎದುರಿಸಿ, ಅದನ್ನು ಕೆಡವಿ ತಾವೂ ಮಡಿದರು. ಅವರಿಗೆ ಮಹಾವೀರಚಕ್ರ ಸಂದುದು ೧೯೮೮ರಲ್ಲಿ. ಆ ಪರಾಕ್ರಮವನ್ನು ಕೊಂಡಾಡುವುದು ಸುಲಭ. ಅಷ್ಟು ಪರಾಕ್ರಮ ಏಕೆ ಬೇಕಾಯಿತೆಂದು ಕೇಳುವುದು ಕಷ್ಟ. ೧೯೬೩ರಲ್ಲಿ ವಾಯುಸೇನೆಗೆ ಬಂದ ಮಿಗ್ ೨೧ ಜಾತಿಯು ೨೦೨೫ರ ಸೆಪ್ಟೆಂಬರ್ ೨೬ರಂದು ನಿವೃತ್ತವಾಯಿತು. ಒಂದು ಯುದ್ಧವಿಮಾನದ ಜಾತಿ ಅರುವತ್ತು ವರ್ಷಕ್ಕೂ ಮಿಕ್ಕಿ ದುಡಿಯಬೇಕಾಗಿ ಬಂದುದು ಅದರ ಸ್ಥಾನವನ್ನು ತುಂಬಬೇಕಾದುದು ವೇಳೆಗೆ ಬಾರದಿದ್ದುದರಿಂದ. ಆದಕಾರಣ ‘ಸ್ವದೇಶಿ’ ಎಂಬ ಮಾತಿನ ಅರ್ಥವಿಚಾರವು ಇಲ್ಲಿ ಕೇವಲ ಶಬ್ದದ ವಿಚಾರವಾಗಿ ಉಳಿಯುವುದಿಲ್ಲ.

ಆ ಮಾತನ್ನು ಬಿಡಿಸಿ ನೋಡಿದರೆ ಮೂರು ಮೆಟ್ಟಿಲುಗಳು ಕಾಣುವುವು. ಹೊರಗಿನಿಂದ ಬಂದ ಭಾಗಗಳನ್ನು ಇಲ್ಲಿ ಜೋಡಿಸುವುದು ಮೊದಲನೆಯದು. ಹೊರಗಿನವರ ನಕ್ಷೆಯನ್ನು ಪರವಾನಗಿ ಪಡೆದು ಇಲ್ಲಿಯ ಕಾರ್ಖಾನೆಯಲ್ಲಿ ಮಾಡುವುದು ಎರಡನೆಯದು. ನಕ್ಷೆಯನ್ನೇ ಇಲ್ಲಿ ಕಲ್ಪಿಸುವುದು ಮೂರನೆಯದು. ೧೯೪೦ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಾಯದಿಂದ ಬೆಂಗಳೂರಿನಲ್ಲಿ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಸ್ಥಾಪಿಸಿದರು. ಮರುವರ್ಷ ಅಲ್ಲಿಂದ ಹಾರ್ಲೋ ತರಬೇತಿಯ ವಿಮಾನವೂ ೧೯೪೨ರಲ್ಲಿ ಕರ್ಟಿಸ್ ಹಾಕ್ ಎಂಬ ಯುದ್ಧವಿಮಾನವೂ ಹೊರಬಂದುವು. ಅವು ಮೊದಲನೆಯ ಮೆಟ್ಟಿಲಿನವು. ಸ್ವಾತಂತ್ರ್ಯದ ಅನಂತರ ಇಂಗ್ಲೆಂಡಿನ ವ್ಯಾಂಪೈರ್ ಮತ್ತು ನ್ಯಾಟ್ ವಿಮಾನಗಳು ಬೆಂಗಳೂರಿನಲ್ಲಿಯೂ, ರಷ್ಯದ ಮಿಗ್ ೨೧ ನಾಸಿಕದಲ್ಲಿಯೂ ಪರವಾನಗಿಯಿಂದ ತಯಾರಾದುವು. ಅವು ಎರಡನೆಯ ಮೆಟ್ಟಿಲಿನವು. ಮೂರನೆಯದಕ್ಕೆ ಕಾಲಿಟ್ಟ ಯುದ್ಧವಿಮಾನಗಳೆಂದರೆ ಎರಡೇ: ಮರುತ, ತೇಜಸ್. ಎರಡೂ ಬೆಂಗಳೂರಿನಲ್ಲಿ ಹುಟ್ಟಿದುವು.

ಈ ಮೂರು ಮೆಟ್ಟಿಲುಗಳ ವಿಂಗಡಣೆಯನ್ನು ಎಲ್ಲರೂ ಒಪ್ಪುವರು. ಆದರೆ ಅದು ಸಾಲದು. ಅದು ಸಾಲದೆಂಬುದಕ್ಕೆ ಮರುತವೇ ಸಾಕ್ಷಿ.

ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಫೋಕ್ ವುಲ್ಫ್ ೧೯೦ ವಿಮಾನವನ್ನು ರಚಿಸಿ ಹೆಸರಾಗಿದ್ದ ಕುರ್ಟ್ ಟಾಂಕರು ೧೯೫೬ರಲ್ಲಿ ಬೆಂಗಳೂರಿಗೆ ಬಂದರು. ಶಬ್ದವೇಗವನ್ನು ಮೀರುವ ಯುದ್ಧವಿಮಾನವೊಂದನ್ನು ಇಲ್ಲಿ ಕಟ್ಟಬೇಕೆಂಬುದು ಸರಕಾರದ ಸಂಕಲ್ಪವಾಗಿದ್ದಿತು. ೧೯೫೯ರಲ್ಲಿ ಆ ವಿಮಾನದ ಪೂರ್ಣಪ್ರಮಾಣದ ಪ್ರತಿಕೃತಿಯನ್ನು ಮರದಲ್ಲಿ ಮಾಡಿ, ಎಂಜಿನಿಲ್ಲದೆಯೇ ಒಂದು ಡಕೋಟ ವಿಮಾನದ ಹಿಂದೆ ಕಟ್ಟಿ ಎಳೆಸಿಕೊಂಡು ಹೋಗಿ, ಎತ್ತರದಲ್ಲಿ ಬಿಟ್ಟು ತೇಲಿಸಿ ಅದರ ನಡವಳಿಕೆಯನ್ನು ಪರೀಕ್ಷಿಸಿದರು. ಬಜಪೆಯಲ್ಲಿ ಮೊದಲು ಇಳಿದುದೂ ಇದೇ ಜಾತಿಯ ವಿಮಾನವೇ. ೧೯೬೧ರ ಜೂನ್ ೧೭ರಂದು ಸುರಂಜನ್ ದಾಸರು ಎಂಜಿನು ಕೂಡಿಸಿದ ಮೊದಲ ವಿಮಾನವನ್ನು ಹಾರಿಸಿದರು. ಹತ್ತು ವರ್ಷಗಳ ಹಿಂದೆಯಷ್ಟೇ ತರಬೇತಿಯ ಚಿಕ್ಕ ವಿಮಾನವನ್ನು ಹಾರಿಸಿದ್ದ ಕಾರ್ಖಾನೆಗೆ ಇದು ಸಾಮಾನ್ಯವಾದ ಸಾಧನೆಯಲ್ಲ. ಒಡಲಿನ ರಚನೆ ನಯವಾದುದು, ದೃಢವಾದುದು; ಅದರ ಗುಣವನ್ನು ಹಾರಿಸಿದವರು ಮೆಚ್ಚಿದರು.

ಆದರೆ ಆ ಒಡಲನ್ನು ರಚಿಸಿದುದು ಇನ್ನೂ ಪೂರ್ಣವಾಗಿ ಸಿದ್ಧವಾಗದಿದ್ದ ಎಂಜಿನಿಗಾಗಿ. ಬ್ರಿಸ್ಟಲ್ ಕಂಪೆನಿಯ ಆರ್ಫಿಯಸ್ ೧೨ ಎಂಬುದು ಸುಮಾರು ೮,೧೭೦ ಪೌಂಡುಗಳ ನೂಕುಬಲವನ್ನು ಕೊಡಬೇಕಾಗಿದ್ದಿತು. ಎಂಜಿನಿನ ಹಿಂಬದಿಯ ನಾಳದಲ್ಲಿ ಇಂಧನವನ್ನು ಮತ್ತೊಮ್ಮೆ ಉರಿಸಿ ಬಲವನ್ನು ಹೆಚ್ಚಿಸುವ ಏರ್ಪಾಡು ಅದರಲ್ಲಿದ್ದಿತು. ಬ್ರಿಟಿಷರಿಗೆ ಅದರ ಅಗತ್ಯ ತಪ್ಪಿದಾಗ ಅದನ್ನು ಪೂರ್ಣಗೊಳಿಸುವ ವೆಚ್ಚವನ್ನು ಭಾರತವು ಹೊರಬೇಕಾಗಿ ಬಂದಿತು; ಸರಕಾರವು ಒಪ್ಪಲಿಲ್ಲ. ಆಗ ಕೈಯಲ್ಲಿದ್ದುದು ಆರ್ಫಿಯಸ್ ೭೦೩. ಅದರ ಬಲ ೪,೮೫೦ ಪೌಂಡು. ಎರಡು ಎಂಜಿನುಗಳನ್ನು ಕೂಡಿಸಿದರೂ ಮರುತವು ಶಬ್ದವೇಗದ ಹೊಸ್ತಿಲಿನಲ್ಲಿಯೇ ನಿಂತಿತು. ಈಜಿಪ್ಟಿನಲ್ಲಿ ತಯಾರಾಗುತ್ತಿದ್ದ ಇ ೩೦೦ ಎಂಬ ಎಂಜಿನನ್ನು ಕೂಡಿಸುವ ಪ್ರಯತ್ನವೂ ನಡೆಯಿತು. ಒಂದು ವಿಮಾನವನ್ನು ಅಲ್ಲಿಗೆ ಕಳುಹಿಸಿ ೧೯೬೭ರಲ್ಲಿ ಹಾರಿಸಿಯೂ ನೋಡಿದರು. ೧೯೬೯ರಲ್ಲಿ ಆ ಪ್ರಯತ್ನವೂ ಮುಗಿಯಿತು. ಆರ್ಫಿಯಸ್ ೭೦೩ಕ್ಕೆ ಬೆಂಗಳೂರಿನಲ್ಲಿಯೇ ಬಲ ಹೆಚ್ಚಿಸುವ ಏರ್ಪಾಡನ್ನು ಕೂಡಿಸಿ ನೋಡಲಾಯಿತು. ಅಂತಹ ಮರುತವನ್ನು ಹಾರಿಸುತ್ತಿದ್ದಾಗ ೧೯೭೦ರ ಜನವರಿ ೧೦ರಂದು ಸುರಂಜನ್ ದಾಸರೇ ಅಪಘಾತದಲ್ಲಿ ಮಡಿದರು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಆರ್ಫಿಯಸ್ ೭೦೩ ಎಂಜಿನು ಬೆಂಗಳೂರಿನಲ್ಲಿಯೇ ತಯಾರಾಗುತ್ತಿದ್ದಿತು. ನ್ಯಾಟ್ ವಿಮಾನಕ್ಕಾಗಿ ಆರ್ಫಿಯಸ್ ಎಂಜಿನಿನ ಪರವಾನಗಿಯನ್ನು ಪಡೆದಿದ್ದುದರಿಂದ ಅದು ಸುಲಭವಾಗಿ ದೊರೆಯಿತು. ಎಂದರೆ ಮರುತದ ಒಡಲಿನ ನಕ್ಷೆಯೂ ಬೆಂಗಳೂರಿನದು, ಎಂಜಿನಿನ ತಯಾರಿಕೆಯೂ ಬೆಂಗಳೂರಿನದು. ಭಾಗಗಳನ್ನು ಎಣಿಸುವ ಅಳತೆಗೋಲಿನಿಂದ ನೋಡಿದರೆ ಇದಕ್ಕಿಂತ ಸ್ವದೇಶಿಯಾದ ವಿಮಾನ ಬೇರೊಂದಿರಲಾರದು. ಆದರೂ ಆ ಎಂಜಿನನ್ನು ಬದಲಿಸಿ ಬೆಳೆಸುವ ಜ್ಞಾನವು ಇಲ್ಲಿ ಇರಲಿಲ್ಲ. ಮಾಡುವ ಕೈಯಿದ್ದಿತು, ಮಾರ್ಪಡಿಸುವ ಅಧಿಕಾರವಿರಲಿಲ್ಲ. ಆದುದರಿಂದ ಸ್ವದೇಶಿಯ ನಿಜವಾದ ಅಳತೆಗೋಲು ಇದು: ಯುದ್ಧದ ಅಗತ್ಯ ಬದಲಾದಾಗ, ಇನ್ನೊಬ್ಬರ ಅಪ್ಪಣೆಯನ್ನು ಕಾಯದೆ ಈ ವಸ್ತುವನ್ನು ಬದಲಿಸುವ ಶಕ್ತಿ ಯಾರಲ್ಲಿದೆ? ಆ ಶಕ್ತಿಯಿರುವಷ್ಟು ಭಾಗ ಸ್ವದೇಶಿ. ಇಲ್ಲದಷ್ಟು ಭಾಗ, ಎಲ್ಲಿಯೇ ತಯಾರಾಗಲಿ, ಎರವಲು.

ಮರುತವನ್ನು ನಿಷ್ಫಲವೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ಎರಡು ಆಸನದವು ೧೮ ಸೇರಿ ಒಟ್ಟು ೧೪೭ ವಿಮಾನಗಳು ತಯಾರಾದುವು. ೧೯೭೧ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ನೆಲದ ಗುರಿಗಳ ಮೇಲೆ ಅವು ಒಳ್ಳೆಯ ಕೆಲಸ ಮಾಡಿದುವು, ಕೆ. ಕೆ. ಬಕ್ಷಿಯವರು ಮರುತದಿಂದಲೇ ಒಂದು ಸೇಬರ್ ವಿಮಾನವನ್ನು ಉರುಳಿಸಿದರು. ೧೯೯೦ರಲ್ಲಿ ಅವು ಸೇವೆಯಿಂದ ನಿವೃತ್ತವಾದುವು. ಆದರೆ ಕಟ್ಟಿದವರು ಅದನ್ನು ಕಟ್ಟಿದುದು ಆಕಾಶದಲ್ಲಿ ಶತ್ರುವನ್ನು ಮೀರಿಸಲೆಂದು. ಅದು ದುಡಿದುದು ನೆಲದ ಮೇಲೆ ಬಾಂಬು ಹಾಕುವ ವಿಮಾನವಾಗಿ. ಎಲ್ಲಕ್ಕಿಂತ ದೊಡ್ಡ ನಷ್ಟವೆಂದರೆ ಅದಕ್ಕೆ ಸಂತತಿಯಿಲ್ಲದೆ ಹೋದುದು. ಒಂದು ರಚನೆಯನ್ನು ತಿದ್ದಿ ಮುಂದಿನದನ್ನು ಕಲ್ಪಿಸುವ ಕ್ರಮ ತಪ್ಪಿದಾಗ, ಟಾಂಕರ ಬಳಿ ಕಲಿತವರ ಅನುಭವವು ಮುಂದಿನ ತಲೆಮಾರಿಗೆ ಪೂರ್ಣವಾಗಿ ದಾಟಲಿಲ್ಲ.

ಆಯ್ಕೆ ಮತ್ತು ನಿರ್ಮಾಣಗಳ ಸಂಬಂಧವನ್ನು ತಿಳಿಯಲು ಬಜಪೆಯ ಗುಡ್ಡವೇ ಒಂದು ದೃಷ್ಟಾಂತವಾಗಬಲ್ಲುದು. ಅಲ್ಲಿಯ ಮೊದಲ ರನ್‌ವೇ ಸುಮಾರು ೧,೬೦೦ ಮೀಟರು ಉದ್ದದ್ದು. ಡಕೋಟಕ್ಕೆ ಅದು ಧಾರಾಳವಾಗಿದ್ದಿತು. ದೊಡ್ಡ ಜೆಟ್ ವಿಮಾನಗಳಿಗೆ ಸಾಲದಾಯಿತು. ಎರಡು ಕಡೆಗೂ ಇಳಿಜಾರು ಇರುವಲ್ಲಿ ಹಾದಿಯನ್ನು ಬೇಕಾದಂತೆ ಉದ್ದ ಮಾಡುವುದು ಸುಲಭವಲ್ಲ. ಬೇರೆ ದಿಕ್ಕಿನಲ್ಲಿ ೨,೪೫೦ ಮೀಟರಿನ ಎರಡನೆಯ ರನ್‌ವೇಯನ್ನು ಕಟ್ಟಿದ ಮೇಲೆ, ೨೦೦೬ರಲ್ಲಿ ಅದು ಬಳಕೆಗೆ ಬಂದಿತು. ಅಲ್ಲಿಯವರೆಗೆ ಹಳೆಯ ಹಾದಿಗೆ ತಕ್ಕ ವಿಮಾನಗಳನ್ನೇ ಇಳಿಸಬೇಕಾಯಿತು. ನೆಲಕ್ಕೆ ತಕ್ಕ ವಿಮಾನವನ್ನು ಆರಿಸುವುದು ಒಂದು ಮಾರ್ಗ. ವಿಮಾನಕ್ಕೆ ತಕ್ಕ ನೆಲವನ್ನು ಮೊದಲು ಸಿದ್ಧಪಡಿಸುವುದು ಇನ್ನೊಂದು. ನೆಲವು ಮುಂದೆ ಹೇಗೋ ಸಿದ್ಧವಾಗುವುದೆಂದು ನಂಬಿ ವಿಮಾನವನ್ನು ತರುವುದು ಮಾರ್ಗವೇ ಅಲ್ಲ. ಒಡಲಿಗೆ ಎಂಜಿನು ಇಂತಹ ನೆಲ. ಮರುತದಲ್ಲಿ ಹಿಡಿದುದು ಆ ಮೂರನೆಯ ದಾರಿ.

ಇನ್ನು ತೇಜಸ್ಸಿನ ವಿಷಯ. ಹಗುರವಾದ ಯುದ್ಧವಿಮಾನವೊಂದನ್ನು ಇಲ್ಲಿಯೇ ರಚಿಸಬೇಕೆಂಬ ಯೋಜನೆ ೧೯೮೩ರಲ್ಲಿ ಮಂಜೂರಾಯಿತು. ಅದಕ್ಕಾಗಿ ಮರುವರ್ಷ ಬೆಂಗಳೂರಿನಲ್ಲಿ ವಿಮಾನಾಭಿವೃದ್ಧಿ ಸಂಸ್ಥೆ ಹುಟ್ಟಿತು. ಕೋಟ ಹರಿನಾರಾಯಣರು ಅದರ ಮುಖ್ಯ ರಚನಕಾರರು. ೨೦೦೧ರ ಜನವರಿ ೪ರಂದು ರಾಜೀವ್ ಕೋಠಿಯಾಲರು ಮೊದಲ ವಿಮಾನವನ್ನು ಬೆಂಗಳೂರಿನಲ್ಲಿ ಹಾರಿಸಿದರು. ಆಗ ರಕ್ಷಣಾಮಂತ್ರಿಯಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರು. ೨೦೧೬ರ ಜುಲೈ ೧ರಂದು ಎರಡೇ ವಿಮಾನಗಳೊಡನೆ ಮೊದಲ ತೇಜಸ್ ದಳ ಏರ್ಪಟ್ಟಿತು. ೧೯೮೩ರಿಂದ ೨೦೧೬ರವರೆಗೆ ಮೂವತ್ತಮೂರು ವರ್ಷಗಳು.

ಮೇಲೆ ಹೇಳಿದ ಅಳತೆಗೋಲನ್ನು ಹಿಡಿದು ನೋಡಿದರೆ ತೇಜಸ್ಸಿನಲ್ಲಿ ಎರಡು ಭಿನ್ನವಾದ ಚರಿತ್ರೆಗಳು ಕಾಣುವುವು. ಒಂದು ಅದರ ನಿಯಂತ್ರಣದ ಚರಿತ್ರೆ. ಈ ವಿಮಾನವು ತಾನಾಗಿ ಸ್ಥಿರವಾಗಿ ನಿಲ್ಲುವಂತಹುದಲ್ಲ; ಚುರುಕಾಗಿ ಹೊರಳಲೆಂದು ಬೇಕೆಂದೇ ಅಸ್ಥಿರವಾಗಿ ರಚಿಸಿದುದು. ಕ್ಷಣಕ್ಷಣಕ್ಕೂ ಗಣಕಯಂತ್ರವು ಅದನ್ನು ತಿದ್ದುತ್ತಿರದಿದ್ದರೆ ಮನುಷ್ಯನ ಕೈ ಅದನ್ನು ಹಿಡಿದಿಡಲಾರದು. ಈ ತಿದ್ದುವಿಕೆಯ ಸೂತ್ರಗಳನ್ನು ಅಮೆರಿಕದ ಕಂಪೆನಿಯೊಂದರ ಸಹಕಾರದಿಂದ ಪರೀಕ್ಷಿಸುತ್ತಿದ್ದರು. ೧೯೯೮ರಲ್ಲಿ ಪೋಖರಣದ ಅಣುಪರೀಕ್ಷೆಯಾದೊಡನೆ ಆ ಸಹಕಾರ ನಿಂತಿತು. ಅಲ್ಲಿದ್ದ ಭಾರತೀಯ ಎಂಜಿನಿಯರುಗಳು ಹಿಂದಿರುಗಬೇಕಾಯಿತು. ಸೂತ್ರಗಳ ಮೂಲಜ್ಞಾನವು ಬೆಂಗಳೂರಿನಲ್ಲಿ ಮೊದಲೇ ಬೇರೂರಿದ್ದುದರಿಂದ ಉಳಿದ ಕೆಲಸ ಇಲ್ಲಿಯೇ ಪೂರ್ಣವಾಯಿತು, ಮೂರು ವರ್ಷ ತುಂಬುವ ಮೊದಲೇ ವಿಮಾನ ಹಾರಿತು. ಅಪ್ಪಣೆಯನ್ನು ಕಾಯದೆ ಬದಲಿಸುವ ಶಕ್ತಿಯೆಂದರೆ ಇದು. ಇಂಗಾಲದ ನಾರಿನಿಂದ ಮಾಡಿದ ಒಡಲಿನ ವಿಷಯದಲ್ಲಿಯೂ ಹೆಚ್ಚುಕಡಿಮೆ ಇದೇ ಮಾತು ಸಲ್ಲುವುದು.

ಇನ್ನೊಂದು ಎಂಜಿನಿನ ಚರಿತ್ರೆ. ತಲಕಾವೇರಿಯಲ್ಲಿ ಹುಟ್ಟುವ ನದಿಯ ಹೆಸರನ್ನು ಹೊತ್ತ ಕಾವೇರಿ ಎಂಜಿನಿನ ಯೋಜನೆಗೆ ೧೯೮೯ರಲ್ಲಿ ೩೮೨.೮೧ ಕೋಟಿ ರೂಪಾಯಿ ಮಂಜೂರಾಯಿತು. ಕೆಲಸವು ಕಠಿನವಾದುದು. ಜೆಟ್ ಎಂಜಿನಿನ ಟರ್ಬೈನಿಗೆ ಬಡಿಯುವ ಉರಿಗಾಳಿಯ ಬಿಸಿ, ಟರ್ಬೈನಿನ ಅಲಗು ಯಾವ ಲೋಹದ್ದೋ ಆ ಲೋಹ ಕರಗುವ ಬಿಸಿಗಿಂತಲೂ ಹೆಚ್ಚು. ಅಲಗಿನೊಳಗೆ ಕೂದಲೆಳೆಯಂತಹ ದಾರಿಗಳನ್ನು ಕೊರೆದು ತಣ್ಣನೆಯ ಗಾಳಿಯನ್ನು ಹರಿಸಿ, ಇಡೀ ಅಲಗನ್ನು ಒಂದೇ ಹರಳಾಗಿ ಎರಕ ಹೊಯ್ದರೆ ಮಾತ್ರ ಅದು ತಾಳುವುದು. ಈ ವಿದ್ಯೆಯನ್ನು ಬಲ್ಲ ದೇಶಗಳು ಕೆಲವೇ; ಬಲ್ಲವರು ಅದನ್ನು ಮಾರುವುದಿಲ್ಲ. ಕಾವೇರಿಯ ತೂಕ ಹೆಚ್ಚಾಯಿತು, ಬಲ ಕಡಿಮೆಯಾಯಿತು, ವೆಚ್ಚದ ಅಂದಾಜು ೨,೮೩೯ ಕೋಟಿಗೆ ಏರಿತು. ೨೦೦೮ರಲ್ಲಿ ಅದನ್ನು ತೇಜಸ್ಸಿನಿಂದ ಬೇರ್ಪಡಿಸಿದರು. ವಿಮಾನವು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಎಫ್ ೪೦೪ ಎಂಜಿನಿನಿಂದ ಹಾರಿತು, ಅದರಿಂದಲೇ ಹಾರುತ್ತಲಿದೆ.

ಮರುತದಲ್ಲಿ ಸಿದ್ಧವಾಗದ ಪರದೇಶೀ ಎಂಜಿನನ್ನು ನಂಬಿದರು. ತೇಜಸ್ಸಿನಲ್ಲಿ ಸಿದ್ಧವಾಗದ ಸ್ವದೇಶೀ ಎಂಜಿನನ್ನು ನಂಬಿದರು. ನಂಬಿದ ವಸ್ತು ಬದಲಾಯಿತು. ನಂಬಿದ ಕ್ರಮ ಬದಲಾಗಲಿಲ್ಲ. ತೇಜಸ್ಸನ್ನು ಹೊಗಳುವವರು ಈ ಎರಡು ಚರಿತ್ರೆಗಳಲ್ಲಿ ಮೊದಲನೆಯದನ್ನೂ, ತೆಗಳುವವರು ಎರಡನೆಯದನ್ನೂ ಹೇಳುವರು. ಎರಡನ್ನೂ ಕೂಡಿಸಿ ಓದಿದಲ್ಲದೆ ಪಾಠ ತಿಳಿಯದು.

ಪರದೇಶದ ಎಂಜಿನನ್ನು ಬಳಸುವುದೇ ದೋಷವೆಂದು ಇದರಿಂದ ತಿಳಿಯಕೂಡದು. ಸ್ವೀಡನ್ ದೇಶದ ಗ್ರಿಪೆನ್ ಯುದ್ಧವಿಮಾನವೂ ಇದೇ ಎಫ್ ೪೦೪ ಎಂಜಿನಿನ ವಂಶದ್ದರಿಂದಲೇ ಹಾರಿತು. ಅದು ೧೯೮೮ರಲ್ಲಿ ಮೊದಲು ಹಾರಿ ೧೯೯೬ರಲ್ಲಿ ಸೇನೆಯನ್ನು ಸೇರಿತು. ಆದರೆ ಸ್ವೀಡನ್ನಿನವರು ಆರಿಸಿಕೊಂಡುದು ಆಗಲೇ ಹಾರುತ್ತಿದ್ದ ಎಂಜಿನು. ಅದನ್ನು ವೋಲ್ವೊ ಕಂಪೆನಿಯ ಮೂಲಕ ತಮ್ಮ ಅಗತ್ಯಕ್ಕೆ ಮಾರ್ಪಡಿಸುವ ಹಕ್ಕನ್ನೂ ಜ್ಞಾನವನ್ನೂ ಪಡೆದು, ಹಕ್ಕಿ ಬಡಿದರೂ ತಾಳುವಂತೆ ಬಲಪಡಿಸಿದರು. ಎರವಲನ್ನು ಎರವಲೆಂದು ತಿಳಿದೇ ತಂದು, ತಿದ್ದುವ ಶಕ್ತಿಯನ್ನು ಅದರ ಜೊತೆಗೆ ಕೇಳಿ ಪಡೆದರು. ಭಾರತದಲ್ಲಾದರೋ ಎಫ್ ೪೦೪ ಬಂದುದು ಕಾವೇರಿ ಸಿದ್ಧವಾಗುವವರೆಗಿನ ತಾತ್ಕಾಲಿಕ ಅತಿಥಿಯಾಗಿ. ಮನೆಯ ಯಜಮಾನನೊಡನೆ ಮಾಡಿಕೊಳ್ಳಬೇಕಾದ ಒಡಂಬಡಿಕೆಯನ್ನು ಅತಿಥಿಯೊಡನೆ ಯಾರೂ ಮಾಡಿಕೊಳ್ಳುವುದಿಲ್ಲ. ಅದರ ಫಲ ಈಚೆಗೆ ಕಂಡಿದೆ. ೨೦೨೧ರಲ್ಲಿ ವಾಯುಸೇನೆಗಾಗಿ ೮೩ ತೇಜಸ್ ಮಾರ್ಕ್ ೧ಎ ವಿಮಾನಗಳನ್ನು ಕೊಳ್ಳಲು ಒಪ್ಪಂದವಾಯಿತು. ಅವುಗಳಿಗಾಗಿ ೯೯ ಎಂಜಿನುಗಳನ್ನು ಗೊತ್ತುಮಾಡಿದರು. ಮೊದಲ ಎಂಜಿನು ಬಂದುದು ೨೦೨೫ರ ಮಾರ್ಚಿಯಲ್ಲಿ. ೨೦೨೪ರ ಮಾರ್ಚಿಯೊಳಗೆ ಸೇನೆಯ ಕೈಸೇರಬೇಕಾಗಿದ್ದ ವಿಮಾನ ಆ ವರ್ಷವೆಲ್ಲ ಕಳೆದರೂ ಸೇರಲಿಲ್ಲ. ೨೦೨೫ರ ಸೆಪ್ಟೆಂಬರಿನಲ್ಲಿ ಮತ್ತೆ ೯೭ ವಿಮಾನಗಳಿಗೆ ೬೨,೩೭೦ ಕೋಟಿ ರೂಪಾಯಿಗಳ ಒಪ್ಪಂದವಾಗಿದೆ. ಸಂಖ್ಯೆ ದೊಡ್ಡದು, ಆದರೆ ಎಷ್ಟು ಬೇಗ ಅವು ಹಾರುವುವೆಂಬುದನ್ನು ಬೆಂಗಳೂರು ಒಂದೇ ನಿರ್ಣಯಿಸಲಾರದು.

ಹೀಗಿದ್ದಲ್ಲಿ ಎಲ್ಲವನ್ನೂ ಹೊರಗಿನಿಂದಲೇ ಕೊಳ್ಳುವುದು ಲೇಸಲ್ಲವೆ ಎಂದು ವಾದಿಸುವವರುಂಟು. ಅವರ ವಾದಕ್ಕೆ ಬಲವಿಲ್ಲವೆಂದಲ್ಲ. ವಾಯುಸೇನೆಗೆ ಬೇಕಾದುದು ಇಂದು ಹಾರುವ ವಿಮಾನ. ಆದರೆ ಕೊಳ್ಳುವುದೂ ಅವರು ಎಣಿಸುವಷ್ಟು ಸುಲಭವಾದ ದಾರಿಯಲ್ಲ. ೨೦೦೭ರಲ್ಲಿ ೧೨೬ ಯುದ್ಧವಿಮಾನಗಳಿಗಾಗಿ ಸರಕಾರವು ಟೆಂಡರ್ ಕರೆಯಿತು. ಆರು ಜಾತಿಯ ವಿಮಾನಗಳು ಸ್ಪರ್ಧೆಗೆ ಬಂದುವು. ಅವುಗಳನ್ನು ಬೆಂಗಳೂರಿನಲ್ಲಿಯೂ ಜೈಸಲ್ಮೇರಿನ ಮರಳುಗಾಡಿನಲ್ಲಿಯೂ ಲೇಹದ ಎತ್ತರದಲ್ಲಿಯೂ ಹಾರಿಸಿ ಪರೀಕ್ಷಿಸಿದರು. ಆಯ್ಕೆಯ ಕ್ರಮವಾಗಿ ಇದು ಬಹಳ ಶಾಸ್ತ್ರೀಯವಾದುದು. ೨೦೧೨ರಲ್ಲಿ ಫ್ರಾನ್ಸಿನ ರಫೇಲ್ ಆಯ್ಕೆಯಾಯಿತು. ೧೮ ವಿಮಾನಗಳು ಅಲ್ಲಿಂದ ಬಂದು, ಉಳಿದ ೧೦೮ ಬೆಂಗಳೂರಿನ ಕಾರ್ಖಾನೆಯ ಮೂಲಕ ತಯಾರಾಗಬೇಕಾಗಿದ್ದಿತು. ಇಲ್ಲಿ ತಯಾರಾದ ವಿಮಾನಗಳ ಗುಣಕ್ಕೆ ಹೊಣೆ ಯಾರೆಂಬುದು ಬಗೆಹರಿಯದ ಪ್ರಶ್ನೆಗಳಲ್ಲಿ ಮುಖ್ಯವಾದುದಾಯಿತು. ೨೦೧೫ರಲ್ಲಿ ಆ ಯೋಜನೆಯನ್ನು ಕೈಬಿಟ್ಟರು. ೨೦೧೬ರಲ್ಲಿ ೩೬ ವಿಮಾನಗಳನ್ನು ಸಿದ್ಧರೂಪದಲ್ಲಿ ಕೊಳ್ಳಲು ಒಪ್ಪಂದವಾಯಿತು. ವಿಮಾನವನ್ನು ಆರಿಸಿದ ಪರೀಕ್ಷೆಯಲ್ಲಿ, ಅದನ್ನು ಇಲ್ಲಿ ಕಟ್ಟಬಹುದೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ. ಆಯ್ಕೆಯನ್ನು ಮುಗಿಸಿ ಅನಂತರ ನಿರ್ಮಾಣವನ್ನು ಯೋಚಿಸುವುದು, ಒಡಲನ್ನು ಮುಗಿಸಿ ಅನಂತರ ಎಂಜಿನನ್ನು ಹುಡುಕುವುದರ ಇನ್ನೊಂದು ರೂಪವೇ ಸರಿ.

ಆದಕಾರಣ ಗುಣದೋಷವಿವೇಚನೆಯ ಕೊನೆಗೆ ನಿಲ್ಲುವ ನಿರ್ಣಯ ಇಷ್ಟು. ಹಾರುತ್ತಿರುವ ಎಂಜಿನನ್ನು ಆರಿಸಿ, ಅದಕ್ಕೆ ತಕ್ಕ ಒಡಲನ್ನು ರಚಿಸಬೇಕು. ಆ ಎಂಜಿನನ್ನು ಕೊಳ್ಳುವ ದಿನವೇ ಅದನ್ನು ತಿದ್ದುವ ಹಕ್ಕನ್ನು ಬೆಲೆಯ ಒಂದು ಭಾಗವಾಗಿ ಕೇಳಬೇಕು. ಮುಂದಿನ ತೇಜಸ್ಸಿಗೆ ಗೊತ್ತುಮಾಡಿರುವ ಎಫ್ ೪೧೪ ಎಂಜಿನನ್ನು ಇಲ್ಲಿ ತಯಾರಿಸಲು ೨೦೨೩ರಲ್ಲಿ ನಡೆದ ಒಡಂಬಡಿಕೆಯನ್ನು ಅಳೆಯಬೇಕಾದುದೂ ಈ ಗೋಲಿನಿಂದಲೇ. ಸ್ವದೇಶೀ ಎಂಜಿನಿನ ಕೆಲಸವು ಯಾವ ವಿಮಾನಕ್ಕೂ ಕಟ್ಟುಬೀಳದೆ, ತನ್ನದೇ ಕಾಲಮಾನದಲ್ಲಿ ನಿಲ್ಲದೆ ನಡೆಯಬೇಕು. ಕಾವೇರಿಯನ್ನು ಎತ್ತರದ ಪರೀಕ್ಷೆಗಾಗಿ ರಷ್ಯಕ್ಕೆ ಒಯ್ದರು. ೨೦೧೦ರಲ್ಲಿ ಅದನ್ನು ಹಾರಿಸಿ ನೋಡಿದುದೂ ಅಲ್ಲಿಯೇ, ಅಲ್ಲಿಯ ಇಲ್ಯೂಷಿನ್ ವಿಮಾನದ ರೆಕ್ಕೆಯ ಕೆಳಗೆ. ಎಂಜಿನನ್ನು ಪರೀಕ್ಷಿಸುವ ಸಾಧನವನ್ನು ಕಟ್ಟಲು ಎಂಜಿನನ್ನು ಕಟ್ಟುವಷ್ಟು ಹಣವೂ ಬೇಡ, ಅಷ್ಟು ಗೂಢವಾದ ವಿದ್ಯೆಯೂ ಬೇಡ. ಆದರೂ ಅದಕ್ಕೆ ಪರದೇಶದ ಬಾಗಿಲಲ್ಲಿ ನಿಲ್ಲಬೇಕಾಯಿತು. ಕಾವೇರಿ ಸೋತುದಕ್ಕೆ ಎಂಜಿನಿಯರುಗಳ ಅಸಾಮರ್ಥ್ಯವನ್ನು ಕಾರಣವಾಗಿ ಹೇಳುವವರು, ಪರೀಕ್ಷಿಸಿ, ಕೆಡಿಸಿ, ಮತ್ತೆ ಪರೀಕ್ಷಿಸುವ ಸೌಕರ್ಯವನ್ನು ಅವರಿಗೆ ಎಷ್ಟರಮಟ್ಟಿಗೆ ಒದಗಿಸಲಾಗಿದ್ದಿತೆಂದು ಮೊದಲು ವಿಚಾರಿಸಬೇಕು. ಮುಂದಿನ ಯುದ್ಧವಿಮಾನಕ್ಕಾಗಿ ಹಣ ಮಂಜೂರಾಗುವಾಗ ಈ ಪರೀಕ್ಷಾಲಯದ ಬಾಬು ಯಾವ ಸಾಲಿನಲ್ಲಿ ಇದೆ ಎಂದು ನೋಡಿದರೆ, ಹಿಂದಿನ ಎರಡು ವಿಮಾನಗಳಿಂದ ದೇಶವು ಕಲಿತುದೆಷ್ಟೆಂಬುದು ಗೊತ್ತಾಗುವುದು.